ಕಿವಿಗುಂಡು

ತಿಪ್ಪಕ್ಕಜ್ಜಿಗೆ ಒಂದು ಅಭ್ಯಾಸವಿದೆ. ಕರೇಕಲ್ಲುಹಟ್ಟಿಯಿಂದ ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ ಅರ್ಧ ಏರಿದ ಮೇಲೆ ಅವಳು ಬುಟ್ಟಿ ಇಳಿಸುತ್ತಾಳೆ. ಬಾಯಲ್ಲಿದ್ದ ಎಲೆಯಡಿಕೆಯನ್ನು ದೂರ ಹೋಗಿ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತಾಳೆ. ದಾರಿಯ ಪಕ್ಕದ ಬಂಡೆಯಲ್ಲಿರುವ ಸಣ್ಣ ಪೊಟರೆಗೆ ಬಾಯಿಟ್ಟು ಏನೋ ಒಂದು ಮಾತು ಹೇಳುತ್ತಾಳೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಬಾಗಿಲು ತಟ್ಟಿ ಒಳಗಿನವರು ಬರಲೆಂದು ಕಾಯುವವರ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಬಂಡೆಯಿಂದ ಏನೂ ಬರುವುದಿಲ್ಲ. ಬುಟ್ಟಿ ಎತ್ತಿಕೊಂಡು ಹೊರಡುತ್ತಾಳೆ.

ಆ ಬಂಡೆಯ ಹೆಸರು ಕಿವಿಗುಂಡು. ಗುಡ್ಡಕ್ಕೂ ಈಗ ಅದೇ ಹೆಸರು. ದೂರದಿಂದ ನೋಡಿದರೆ ಈ ಸೀಮೆಯ ಉಳಿದ ಗುಂಡುಗಳ ಹಾಗೆಯೇ ಬಿಸಿಲಿಗೆ ಕಾದು ಕಂದಿದ ಕಲ್ಲು. ಸುತ್ತ ಕಾರೆ, ಕವಳೆಯ ಮುಳ್ಳುಗಿಡಗಳು. ಹತ್ತಿರ ಹೋಗಿ ಪಡುವಣ ದಿಕ್ಕಿನಿಂದ ನೋಡಬೇಕು. ಆಗ ಮುಂಗಾಲು ಊರಿ, ಕುತ್ತಿಗೆ ನೆಟ್ಟಗೆ ಮಾಡಿ ಕುಳಿತ ನಾಯಿಯೊಂದು ಕಾಣುತ್ತದೆ. ಒಂದು ಕಿವಿ ಮುರಿದಂತೆ ಮಡಿಚಿದೆ, ಇನ್ನೊಂದು ತೆರೆದಿದೆ. ತೆರೆದ ಕಿವಿಯೇ ಆ ಪೊಟರೆ. ಅದಕ್ಕೆ ಒರಗಿಕೊಂಡು ಇನ್ನೊಂದು ಸಣ್ಣ ಕಲ್ಲಿದೆ, ಕಂಬಳಿ ಹೊದ್ದು ಬಾಗಿದವರಂತೆ. ಪೊಟರೆಯ ಅಂಚು ಎಷ್ಟೋ ತಲೆಮಾರಿನ ಜನರ ಬಾಯಿ ತಾಗಿ ಎಣ್ಣೆ ಸವರಿದ ಹಾಗೆ ನುಣುಪಾಗಿದೆ. ಇಲ್ಲಿ ಪೂಜೆಯಿಲ್ಲ, ಕಾಯಿ ಒಡೆಯುವುದಿಲ್ಲ, ಕುಂಕುಮ ಇಡುವುದಿಲ್ಲ. ಬಂದವರು ಒಂದು ಮಾತು ಹೇಳಿ ಹೋಗುತ್ತಾರೆ, ಅಷ್ಟೇ. ಯಾಕೆಂದು ಕೇಳಿದರೆ ಹಟ್ಟಿಯವರು ಬೊಮ್ಮಕ್ಕನ ಕತೆಗೆ ಬರುತ್ತಾರೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಕರೇಕಲ್ಲುಹಟ್ಟಿಯಲ್ಲಿ ಬೊಮ್ಮಕ್ಕ ಎಂಬ ಕುರಿಗಾರ ಹೆಂಗಸು ತಮ್ಮ ಕ್ಯಾತಪ್ಪನ ಜೊತೆ ಇದ್ದಳು ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಮಾತು ಕಡಿಮೆ. ನಾಲ್ಕು ಜನ ಸೇರಿದ ಕಡೆ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಲ್ಲುವವಳು. ಒಂದು ದಿನ ಕುರಿ ಹೊಡೆದುಕೊಂಡು ಹೋದಾಗ ಕಾರೆಪೊದೆಯೊಳಗಿಂದ ಕುಯ್ಯೆನ್ನುವ ದನಿ ಕೇಳಿಸಿತು. ಬೇಟೆಗೆ ಬಂದವರು ಓಡಲಾರದ ನಾಯಿಯೊಂದನ್ನು ಗಿಡಕ್ಕೆ ಕಟ್ಟಿ ಬಿಟ್ಟುಹೋಗಿದ್ದರು. ಇನ್ನೂ ಪೂರ್ತಿ ಬೆಳೆಯದ ಹೆಣ್ಣುನಾಯಿ, ಜೀರಿಗೆಯ ಬಣ್ಣ. ಹಿಂಗಾಲು ಊದಿತ್ತು, ಒಂದು ಕಿವಿ ಹರಿದಿತ್ತು. ಹಗ್ಗ ಬಿಚ್ಚಲೆಂದು ಬೊಮ್ಮಕ್ಕ ಕೈ ಎತ್ತಿದಳು, ಅಷ್ಟಕ್ಕೇ ನಾಯಿ ನೆಲಕ್ಕೆ ಅಂಟಿಕೊಂಡು, ಕಣ್ಣು ಮುಚ್ಚಿ, ಇದ್ದಲ್ಲೇ ಉಚ್ಚೆ ಹೊಯ್ದುಕೊಂಡಿತು. ಎತ್ತಿದ ಕೈ ಎಂದರೆ ಏಟು ಎನ್ನುವುದಷ್ಟೇ ಅದು ಈ ಲೋಕದಲ್ಲಿ ಕಲಿತದ್ದು. ಬೊಮ್ಮಕ್ಕ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಲ್ಲೇ ಕುಳಿತಳು. "ಇಕಾ, ನನಗೆ ಕೈಯೇ ಇಲ್ಲ ಅಂದ್ಕೋ" ಎಂದಳು. ಹೊತ್ತು ಇಳಿಯುವವರೆಗೂ ಅದರೊಂದಿಗೆ ಮಾತಾಡಿದಳು. ಕೊನೆಗೆ ನಾಯಿಯೇ ತೆವಳಿಕೊಂಡು ಬಂದು ಅವಳ ಮಡಿಲಿಗೆ ಮೂತಿ ಇಟ್ಟಿತು. ಕಂಬಳಿಯಲ್ಲಿ ಸುತ್ತಿ ಮನೆಗೆ ತಂದಳು. ಜೀರಿ ಎಂದು ಹೆಸರಿಟ್ಟಳು.

ಕುರಿಕಾವಲಿನ ನಾಯಿಯನ್ನು ಹಟ್ಟಿಯವರು ಕೋಲು ಹಿಡಿದು, ಕೈ ಬೀಸಿ ಪಳಗಿಸುತ್ತಿದ್ದರು. ಬೊಮ್ಮಕ್ಕ ಕೋಲನ್ನು ಅಟ್ಟಕ್ಕೆ ಹಾಕಿದಳು. ಕೈಸನ್ನೆಯನ್ನೂ ಕಲಿಸಲಿಲ್ಲ. ಎಲ್ಲವೂ ಬಾಯಿಮಾತಿನಲ್ಲೇ, ಅದೂ ಮೆಲ್ಲಗೆ. ಒಂದು ಮಾತು ಕಲಿತರೆ ಮುದ್ದೆಯ ಒಂದು ಚೂರು ಮಜ್ಜಿಗೆಯಲ್ಲಿ ಅದ್ದಿ ಕೊಡುವಳು. ಕಾಲು ವಾಸಿಯಾಗುವ ಹೊತ್ತಿಗೆ ಜೀರಿ ಕೂರು ಎಂದರೆ ಕೂರುತ್ತಿತ್ತು, ತಡೆ ಎಂದರೆ ಓಡುವ ಟಗರಿನ ಮುಂದೆ ಹೋಗಿ ನಿಲ್ಲುತ್ತಿತ್ತು, ಕುಂಟಿ ಎಂದರೆ ಇಡೀ ಮಂದೆಯಲ್ಲಿ ಕಾಲು ನೊಂದ ಕುರಿಯೊಂದನ್ನೇ ಬೇರ್ಪಡಿಸಿ ತರುತ್ತಿತ್ತು. ಕಾಯಿ ಎಂದು ಹೇಳಿ ಮರಿಗಳ ರೊಪ್ಪದ ಬಾಗಿಲಲ್ಲಿ ಕೂರಿಸಿದರೆ ಮುಗಿಯಿತು. ಮುಳ್ಳುಬೇಲಿಯ ಆ ದೊಡ್ಡಿಯಿಂದ ಮರಿಗಳು ಹೊರಬಂದು ಅದರ ಬೆನ್ನು ಹತ್ತಿ ಇಳಿದರೂ ಅಲುಗುತ್ತಿರಲಿಲ್ಲ. ಪರೀಕ್ಷೆ ಮಾಡಲೆಂದು ಹಟ್ಟಿಯವರು ಮೂಗಿನ ಮುಂದೆಯೇ ಮೊಲ ಓಡಿಸಿದರು. ಜೀರಿಯ ಮೈಯೆಲ್ಲ ನಡುಗಿತು, ಜೊಲ್ಲು ಸುರಿಯಿತು, ಕುಂಡಿ ಮಾತ್ರ ನೆಲ ಬಿಡಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು, "ಬೊಮ್ಮಕ್ಕಾ, ನಮ್ಮ ಯಜಮಾನನ್ನೂ ಒಂದು ತಿಂಗಳು ನಿನ್ನ ಹತ್ರ ಬಿಡ್ತೀನಿ ಕಣೆ, ಕೂರು ಅಂದ್ರೆ ಕೂರೋ ಹಂಗೆ ಮಾಡಿಕೊಡು" ಎಂದಳಂತೆ. "ಮಜ್ಜಿಗೆ ನೀನೇ ತರಬೇಕು" ಎಂದಳಂತೆ ಬೊಮ್ಮಕ್ಕ. ಅವಳು ಜನರ ನಡುವೆ ನಗೆಮಾತು ಆಡಿದ್ದನ್ನು ಹಟ್ಟಿ ಕೇಳಿದ್ದು ಅದೇ ಮೊದಲು.

ಆ ಕಾಲದಲ್ಲಿ ಈ ಹಟ್ಟಿಗೆ ಒಂದು ಕಟ್ಟುಪಾಡಿತ್ತು. ಕಾವಲಿಗೆ ಕೂರಿಸುವ ಮಾತನ್ನು ಯಾರು ಬೇಕಾದರೂ ಕೇಳಬಹುದು. ಕಾವಲಿನಿಂದ ಎಬ್ಬಿಸುವ ಮಾತು ಮಾತ್ರ ಗುಟ್ಟು. ಅದಕ್ಕೆ ಬಿಡುಮಾತು ಎನ್ನುತ್ತಿದ್ದರು. ಸಾಕಿದವರು ನಾಯಿಯ ಕಿವಿಯಲ್ಲಿ ಮಾತ್ರ ಅದನ್ನು ಹೇಳಬೇಕು, ಹೆಂಡತಿಗೂ ಗಂಡನಿಗೂ ಹೇಳಕೂಡದು. ಕಳ್ಳರು ಬಿಡುಮಾತನ್ನು ತಿಳಿದುಕೊಂಡು ಬಂದು, ನಾಯಿಯನ್ನು ಎಬ್ಬಿಸಿ, ರೊಪ್ಪವನ್ನೇ ಬರಿದು ಮಾಡಿ ಹೋದದ್ದುಂಟು. ಬಿಡುಮಾತು ಬೀಳುವವರೆಗೆ ನಾಯಿ ಏಳಬಾರದು, ಯಾರ ಕೈಯಿಂದಲೂ ತಿನ್ನಬಾರದು. ಬೇರೆ ನಾಯಿಗಳು ಇದನ್ನು ಅಷ್ಟಿಷ್ಟು ಪಾಲಿಸುತ್ತಿದ್ದವು. ಹಸಿವಾದರೆ ಎದ್ದು ಬರುತ್ತಿದ್ದವು, ಒಂದು ಮೂಳೆಗೆ ಮರುಳಾಗುತ್ತಿದ್ದವು. ಜೀರಿ ಹಾಗಲ್ಲ. ಒಮ್ಮೆ ಕ್ಯಾತಪ್ಪ, "ನನಗಾದರೂ ಆ ಮಾತು ಹೇಳಿಡಕ್ಕ, ಹೊತ್ತಿಗೆ ಬೇಕಾದೀತು" ಎಂದ. "ನಿನ್ನ ಹೊಟ್ಟೆಯಲ್ಲಿ ಮಾತು ನಿಂತದ್ದು ಯಾವಾಗಪ್ಪ? ನಾಳೆ ಸಂತೆಯಲ್ಲೆಲ್ಲ ಅದೇ ಸುದ್ದಿ" ಎಂದು ನಕ್ಕು, ಜೀರಿಯ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಜೀರಿ ಚಂಗನೆ ಎದ್ದು ಅವಳ ಸುತ್ತ ಗಿರಕಿ ಹೊಡೆಯಿತು. ಆ ಒಂದು ಮಾತು ತನ್ನದು ಮತ್ತು ಜೀರಿಯದು ಮಾತ್ರ ಎನ್ನುವುದು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, ಕಟ್ಟುಪಾಡು ಇಲ್ಲದಿದ್ದರೂ ಅವಳು ಹೇಳುತ್ತಿರಲಿಲ್ಲವೇನೋ.

ಕುರಿಗಳು ಮರಿ ಹಾಕುವ ಕಾಲ. ಕ್ಯಾತಪ್ಪ ಮಂದೆಯನ್ನು ಮೇವಿಗೆ ಹೊಡೆದುಕೊಂಡು ಹೋಗಿದ್ದ. ಬೊಮ್ಮಕ್ಕ ಗುಡ್ಡದ ನಡುವಿನ ರೊಪ್ಪದಲ್ಲಿ ಎಳೆಮರಿಗಳನ್ನು ಕೂಡಿ, ಜೀರಿಯನ್ನು ಬಾಗಿಲಲ್ಲಿ ಕೂರಿಸಿ ಕಾಯಿ ಎಂದು ಹೇಳಿ, ಮರಿಗಳ ಹೊಕ್ಕುಳಿಗೆ ಹಚ್ಚುವ ಬೇವಿನೆಣ್ಣೆ ತರಲು ಹಟ್ಟಿಗೆ ಇಳಿದಳು. ಈಗ ಬಂದೆ ಎಂದುಕೊಂಡೇ ಇಳಿದಳು. ಎಣ್ಣೆಯ ಕುಡಿಕೆಯನ್ನು ಕೈಗೆತ್ತಿಕೊಂಡಾಗ ಕೈ ಅದನ್ನು ಹಿಡಿಯಲಿಲ್ಲ. ಕುಡಿಕೆ ಬಿದ್ದು ಒಡೆಯಿತು, ಅವಳೂ ಬಿದ್ದಳು. ನೆರೆಯವರು ಓಡಿ ಬಂದು ಎತ್ತಿ ಕೂರಿಸಿದಾಗ ಬಲಗಡೆಯ ಕೈಕಾಲು ಸತ್ತಿದ್ದವು, ಬಾಯಿ ಸೊಟ್ಟಗಾಗಿತ್ತು. ಲಕ್ವ ಹೊಡೆದಿತ್ತು. ಎಲ್ಲರ ಮಾತೂ ಅವಳಿಗೆ ಅರ್ಥವಾಗುತ್ತಿತ್ತು. ತನ್ನ ಮಾತು ಮಾತ್ರ ನಾಲಿಗೆಯ ಮೇಲೆ ಬಂದು ಕಲ್ಲಾಗುತ್ತಿತ್ತು. ಅವಳು ಗುಡ್ಡದ ಕಡೆ ನೋಡಿ ನೋಡಿ ಕಣ್ಣೀರಿಟ್ಟಳು. ಜನ ಅದನ್ನು ಕಾಯಿಲೆಯ ಸಂಕಟ ಎಂದುಕೊಂಡರು.

ಸಂಜೆ ಕ್ಯಾತಪ್ಪ ಬಂದು, ತಾಯಿಕುರಿಗಳ ಬಳಿಗೆ ಮರಿಗಳನ್ನು ಬಿಟ್ಟು, ಎಲ್ಲವನ್ನೂ ಹಟ್ಟಿಗೆ ಇಳಿಸಿದ. ಗುರುತಿನವನಾದ್ದರಿಂದ ಜೀರಿ ತಡೆಯಲಿಲ್ಲ. ತಾನು ಮಾತ್ರ ಬರಿದಾದ ರೊಪ್ಪದ ಬಾಗಿಲಲ್ಲಿ ಕುಳಿತೇ ಇತ್ತು. ಬಾ ಎಂದ, ಏಳು ಎಂದ, ನಡಿ ಎಂದ. ಅದು ಅವನ ಮುಖವನ್ನೊಮ್ಮೆ ನೋಡಿ ಮತ್ತೆ ಹಟ್ಟಿಯ ದಾರಿ ನೋಡಿತು. ಎತ್ತಿಕೊಂಡು ಮನೆಗೆ ತಂದ. ಕೆಳಗೆ ಬಿಟ್ಟದ್ದೇ ತಡ, ಓಡುತ್ತಾ ಗುಡ್ಡ ಹತ್ತಿ ಹೋಗಿ ಅದೇ ಜಾಗದಲ್ಲಿ ಕುಳಿತಿತು. ಕಟ್ಟಿಹಾಕಿದರೆ ಕೊರಳು ಬಿಗಿದು ಸಾಯುವಂತೆ ಎಳೆಯಿತು, ಹೆದರಿ ಬಿಚ್ಚಿದರು. ಮುದ್ದೆ ಒಯ್ದರೆ ಮೂತಿ ತಿರುಗಿಸಿತು. ಮಾರನೆಯ ದಿನದಿಂದ ಹಟ್ಟಿಗೆ ಹಟ್ಟಿಯೇ ಗುಡ್ಡ ಹತ್ತಿ ಒಬ್ಬೊಬ್ಬರಾಗಿ ತಮಗೆ ತೋಚಿದ ಮಾತನ್ನು ಅದರ ಕಿವಿಯಲ್ಲಿ ಹೇಳಿದರು. ದೇವರ ಹೆಸರು ಹೇಳಿದರು, ಬೊಮ್ಮಕ್ಕನ ಗಂಡನ ಹೆಸರು ಹೇಳಿದರು, ಒಬ್ಬ ಮುದುಕ ಹೋಳಿಗೆ ಎಂದ. "ನಿನಗೆ ಅದೇ ಧ್ಯಾನ" ಎಂದು ಅವನ ಸೊಸೆ ಬೈದಳು. ಯಾರೂ ನಗಲಿಲ್ಲ. ಜೀರಿಯ ಪಕ್ಕೆಲುಬು ಹೊರಗೆ ಕಾಣತೊಡಗಿತ್ತು. ಕ್ಯಾತಪ್ಪ ಮನೆಗೆ ಬಂದು ಅಕ್ಕನ ಮುಂದೆ ಕುಸಿದ. "ಅದನ್ನ ಎಷ್ಟು ಚೆಂದ ಪಳಗಿಸಿದೆಯಕ್ಕ! ಇಷ್ಟೊಂದು ಚೆಂದ ಯಾಕೆ ಪಳಗಿಸಿದೆ? ಉಪವಾಸ ಸಾಯ್ತದೆ ಕಣಕ್ಕ" ಎಂದು ಅತ್ತ.

ಬೊಮ್ಮಕ್ಕ ಎಡಗೈಯಿಂದ ಅವನ ಅಂಗಿ ಹಿಡಿದು ಗುಡ್ಡದ ಕಡೆ ಎಳೆದಳು. ಕಂಬಳಿಯನ್ನು ಜೋಲಿ ಮಾಡಿ ಅವಳನ್ನು ಹೊತ್ತು ತಂದರು. ದಾರಿಯ ತಿರುವಿನಲ್ಲಿ ಅವಳನ್ನು ಕಂಡದ್ದೇ ಜೀರಿಯ ಬಾಲ ನೆಲದ ಧೂಳನ್ನೆಲ್ಲ ಗುಡಿಸಿತು. ಕುತ್ತಿಗೆ ಮುಂದಕ್ಕೆ ಚಾಚಿತು, ಕಿವಿ ನಿಮಿರಿತು. ಏಳಲಿಲ್ಲ. ಅದಕ್ಕೆ ಬೇಕಾದದ್ದು ಒಂದೇ ಮಾತು, ಆ ಮಾತು ಈಗ ಬರುತ್ತದೆ ಎಂದು ಅದಕ್ಕೆ ಗೊತ್ತು. ಬೊಮ್ಮಕ್ಕ ಬಾಯಿ ತೆರೆದಳು. ಗಂಟಲಿನಿಂದ ಗಾಳಿಯಂಥ ದನಿಯೊಂದು ಹೊರಟು ಸೊಟ್ಟ ತುಟಿಯಲ್ಲಿ ಸೋರಿಹೋಯಿತು. ಮತ್ತೆ ಯತ್ನಿಸಿದಳು. ಜೀರಿ ತಲೆ ವಾಲಿಸಿ ಕೇಳಿತು, ಅರ್ಥವಾಗದೆ ಕುಯ್ಯೆಂದಿತು. ಆಗ ದಿಕ್ಕು ತೋಚದ ಬೊಮ್ಮಕ್ಕ, ಬಾ ಎಂದು ಕರೆಯಲು, ಇನ್ನೂ ಆಡುತ್ತಿದ್ದ ಎಡಗೈಯನ್ನು ಮೇಲೆತ್ತಿದಳು.

ಜೀರಿ ನೆಲಕ್ಕೆ ಅಂಟಿಕೊಂಡಿತು. ಕಣ್ಣು ಮುಚ್ಚಿತು. ಕಾರೆಪೊದೆಯಲ್ಲಿ ಸಿಕ್ಕ ದಿನದ ಹಾಗೆಯೇ ಅದರ ಕಾಲಡಿಯ ನೆಲ ಒದ್ದೆಯಾಯಿತು. ಬೊಮ್ಮಕ್ಕ ಕೈಯನ್ನು ಇಳಿಸಿದಳು. ಆ ಕೈಯನ್ನು ಬೆನ್ನ ಹಿಂದೆ ಒಯ್ದು ಬಚ್ಚಿಟ್ಟುಕೊಂಡಳು. ಕೋಲಿಲ್ಲದೆ, ಕೈಸನ್ನೆಯಿಲ್ಲದೆ, ಬರೀ ಮಾತಿನಿಂದ ಕಟ್ಟಿದ ಪ್ರೀತಿಗೆ ಈಗ ಮಾತೇ ಇರಲಿಲ್ಲ.

ಅವಳು ಜೋಲಿಯಿಂದ ಇಳಿದು ಜೀರಿಯ ಬಳಿಗೆ ತೆವಳಿದಳು ಎನ್ನುತ್ತಾರೆ. ಹಿಂದೆ ಜೀರಿ ಅವಳ ಬಳಿಗೆ ತೆವಳಿತ್ತಲ್ಲ, ಹಾಗೆ. ಅದಕ್ಕೆ ಒರಗಿ ಕುಳಿತು, ನೆಟ್ಟಗಿರುವ ಕಿವಿಗೆ ಬಾಯಿಟ್ಟಳು. ಮನೆಗೆ ಹೋಗೋಣವೆಂದು ಕ್ಯಾತಪ್ಪ ಎಷ್ಟು ಕರೆದರೂ ತಲೆ ಅಲ್ಲಾಡಿಸಿದಳು. ಅವಳ ತುಟಿ ಅಲುಗುತ್ತಲೇ ಇತ್ತು. ಒಂದು ಮಾತನ್ನು ಮೊದಲಿನಿಂದ ಕಲಿಯುವ ಕೂಸಿನ ಹಾಗೆ ಅವಳು ಯತ್ನಿಸುತ್ತಲೇ ಇದ್ದಳು, ಜೀರಿ ಮತ್ತೆ ಕುತ್ತಿಗೆ ನೆಟ್ಟಗೆ ಮಾಡಿ ಕುಳಿತು ಕೇಳುತ್ತಲೇ ಇತ್ತು. ಜನ ನೋಡಲಾರದೆ ದೂರ ಸರಿದರು. ಅವರು ತಿರುಗಿ ಬಂದಾಗ ಅಲ್ಲಿ ಹೆಂಗಸೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಒಂದಕ್ಕೊಂದು ಒರಗಿದ ಎರಡು ಕಲ್ಲುಗಳಿದ್ದವು. ಕೊನೆಯ ಗಳಿಗೆಯಲ್ಲಿ ಮಾತು ಬಂತು, ಇಬ್ಬರೂ ಎದ್ದು ಹೋದರು, ಇಲ್ಲಿ ಉಳಿದದ್ದು ಅವರ ಗುರುತು ಮಾತ್ರ ಎಂದು ಕೆಲವರು ಹೇಳುತ್ತಾರೆ. ತಿಪ್ಪಕ್ಕಜ್ಜಿ ಇದನ್ನು ಒಪ್ಪುವುದಿಲ್ಲ. "ಮಾತು ಬಂದಿದ್ರೆ ಜೀರಿ ಎದ್ದು ಗಿರಕಿ ಹೊಡೀತಿರಲಿಲ್ವ? ಕೂತಿದೆ ಅಂದ್ರೆ ಇನ್ನೂ ಬಂದಿಲ್ಲ ಅಂತಲೇ" ಎನ್ನುತ್ತಾಳೆ.

ಅಂದಿನಿಂದ ಕರೇಕಲ್ಲುಹಟ್ಟಿಯಲ್ಲಿ ಆ ಹಳೆಯ ಕಟ್ಟುಪಾಡು ಬಿದ್ದುಹೋಯಿತು. ನಾಯಿಯ ಬಿಡುಮಾತನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಡದವರನ್ನು ಇಂದಿಗೂ ಹಿರಿಯರು ಗದರಿಸುತ್ತಾರೆ. ಗುಡ್ಡ ಹತ್ತುವವರು ಎಂಜಲು ಬಾಯಿ ತೊಳೆದು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೊಟರೆಯಲ್ಲಿ ಒಂದು ಮಾತು ಹೇಳಿ ಹೋಗುತ್ತಾರೆ. ತಮ್ಮ ತಮ್ಮ ಮನೆಯ ಅತಿ ಮುದ್ದಿನ ಮಾತು, ಅವ್ವ ಎಬ್ಬಿಸುವಾಗ ಕರೆಯುತ್ತಿದ್ದ ಹೆಸರು, ಹೀಗೆ ಏನಾದರೊಂದು. ಯಾರದಾದರೂ ಒಂದು ಸರಿಹೊಂದೀತು ಎಂದು. ಈಗ ದಾರಿಗೆ ಮೆಟ್ಟಿಲು ಮಾಡಿದ್ದಾರೆ, ಪೇಟೆಯಿಂದ ಬಂದವರು ಫೋಟೊ ತೆಗೆದುಕೊಂಡು, ಮುಜುಗರದಿಂದ ಅತ್ತಿತ್ತ ನೋಡಿ, ತಾವೂ ಬಗ್ಗಿ ಏನೋ ಪಿಸುಗುಟ್ಟುತ್ತಾರೆ. ಮಂದೆ ಹಟ್ಟಿಗೆ ಇಳಿಯುವ ಹೊತ್ತಿನಲ್ಲಿ ಅಲ್ಲಿದ್ದರೆ ತಿಪ್ಪಕ್ಕಜ್ಜಿಯನ್ನು ಕಾಣಬಹುದು. ಮರಿಗಳೆಲ್ಲ ಮುಂದೆ ಹೋಗಲೆಂದು ಬಿಟ್ಟು ಅವಳು ಹಿಂದೆ ಉಳಿಯುತ್ತಾಳೆ. ಇಳಿಯುವಾಗಲೂ ದಿನಕ್ಕೊಂದು ಹೊಸ ಮಾತು ಹೇಳುತ್ತಾಳೆ, ಹೆಜ್ಜೆ ಹಿಂದಿಟ್ಟು ಕಾಯುತ್ತಾಳೆ. ಕತ್ತಲಾಗುವ ಮುಂಚೆ ಮತ್ತೊಮ್ಮೆ ಬಾಗಿ ಹೇಳುವ ಮಾತು ಮಾತ್ರ ಎಂದಿನದೇ:

"ಮರಿಗಳೆಲ್ಲ ತಾಯಿ ಸೇರಿದವು ಕಣವ್ವ. ಏಳು ಜೀರಿ, ಮನೆಗೆ ಹೋಗಾನ."