ಆಕಾಶದಲ್ಲಿ ಅರಳಿದ ವೆಂಕಪ್ಪಯ್ಯ

ಕೆಂಗಲ್ಲುದುರ್ಗದ ಹಿರಿಯ ನಾಯಕರು ಹಾರಿಸಿದ ಮದ್ದಿನ ಬಾಣ ಆಕಾಶದಲ್ಲಿ ಒಡೆದಾಗ ಅಲ್ಲಿ ಬೆಂಕಿಯ ಹೂವು ಅರಳಲಿಲ್ಲವಂತೆ; ಅವರ ಮುಖವೇ ಅರಳಿತಂತೆ. ಕೋಟೆಗೆ ಮುತ್ತಿಗೆ ಹಾಕಿದ್ದ ಶತ್ರುಸೈನ್ಯ ಅದನ್ನು ಕಂಡು ಕೈಮುಗಿದು ಹಿಂತಿರುಗಿತಂತೆ.

ತುಂಬಿದ ಸಭೆಯಲ್ಲಿ ಇದನ್ನು ಓದಿದವನು ಅರಮನೆಯ ವಂಶಾವಳಿ ಬರೆಯುವ ವೆಂಕಪ್ಪಯ್ಯ. ಪ್ರತಿ ವರ್ಷ ಪಟ್ಟದ ಉತ್ಸವ ಹತ್ತಿರವಾದಾಗ ಅರಸರ ತಾತನಾದ ಈ ಹಿರಿಯ ನಾಯಕರು ಅವನ ಓಲೆಯಲ್ಲಿ ಒಂದು ಹೊಸ ಸಾಹಸ ಮಾಡುತ್ತಿದ್ದರು. ತೀರಿಕೊಂಡು ನಲವತ್ತು ವರ್ಷವಾದ ಮೇಲೂ ಇಷ್ಟು ಚಟುವಟಿಕೆಯಿಂದಿರುವ ಮನುಷ್ಯನನ್ನು ರಾಯಸದ ಮುದ್ದಯ್ಯ ಬೇರೆಲ್ಲೂ ಕಂಡಿರಲಿಲ್ಲ. ಅರಮನೆಯ ಪತ್ರಗಳನ್ನು ಬರೆಯುವುದು ಮುದ್ದಯ್ಯನ ಕೆಲಸ. ಬರೆದದ್ದನ್ನೆಲ್ಲ ನಂಬುವ ಅಭ್ಯಾಸ ಆ ಕೆಲಸದಿಂದಲೇ ಬಿಟ್ಟುಹೋಗಿತ್ತು.

ಆದರೆ ಅರಸ ಬೊಮ್ಮನಾಯಕ ನೆಟ್ಟಗೆ ಕುಳಿತ. "ತಾತನ ಮುಖ ಅರಳಿದ ಮೇಲೆ ನನ್ನದೇಕೆ ಅರಳಬಾರದು? ಬಾಣದ ಪೀರಸಾಬನನ್ನು ಕರೆಸಿ."

ಮದ್ದಿನ ಕಪ್ಪು ಅಂಟಿದ ಕೈಗಳನ್ನು ಜೋಡಿಸಿಕೊಂಡು ಮುದುಕ ಬಂದು ನಿಂತ.

"ಹದಿನೈದು ದಿನ ಕೊಟ್ಟಿದ್ದೇನೆ. ಉತ್ಸವದ ದಿನ ನನ್ನ ಮುಖ ಊರಿಗೆಲ್ಲ ಕಾಣಬೇಕು."

"ಮುಖ ಆಗೋದಿಲ್ಲ ಬುದ್ಧಿ. ಹೂವಾದರೆ..."

"ಅಂದು ಆ ಬಾಣ ಕಟ್ಟಿದ ಇವನ ಅಜ್ಜನಿಗೆ ಆಗಿತ್ತು," ಎಂದ ವೆಂಕಪ್ಪಯ್ಯ. "ಇವನಿಗೆ ಮಾತ್ರ ಆಗುವುದಿಲ್ಲವಂತೆ. ಮೈಗಳ್ಳತನ, ಪ್ರಭು."

"ಆಗದಿದ್ದರೆ ಬಲಗೈ ಹೆಬ್ಬೆರಳು ತೆಗೆಸುತ್ತೇನೆ," ಎಂದ ಅರಸ.

ಬತ್ತಿ ಹೊಸೆಯುವವನಿಗೆ ಹೆಬ್ಬೆರಳು ಹೋದರೆ ಉಳಿಯುವುದೇನು? ಆ ಸಂಜೆ ಮುದ್ದಯ್ಯ ಊರಾಚೆಯ ಮದ್ದಿನ ಗುಡಿಸಲಿಗೆ ಹೋದ.

"ಯಾಕೆ ಆಗೋದಿಲ್ಲ ಸಾಬರೇ?"

ಪೀರಸಾಬ ಒಂದು ಕೈಯಲ್ಲಿ ನಿಂಬೆಹಣ್ಣನ್ನೂ ಇನ್ನೊಂದರಲ್ಲಿ ತಟ್ಟೆಯನ್ನೂ ಎತ್ತಿ ಹಿಡಿದ. "ಹೂವು ಅಂದರೆ ಈ ಹಣ್ಣಿನ ಹಾಗೆ. ಬಾಣದ ಉಂಡೆಯೊಳಗೆ ಮದ್ದಿನ ಗುಳಿಗೆಗಳನ್ನು ಸುತ್ತಲೂ ಜೋಡಿಸುತ್ತೇವೆ, ಎಲ್ಲಿಂದ ನೋಡಿದರೂ ದುಂಡಗೇ ಕಾಣುತ್ತೆ. ಮುಖ ಅಂದರೆ ಈ ತಟ್ಟೆ. ಅದರ ಮೇಲೆ ಗುಳಿಗೆಗಳಲ್ಲಿ ಚಿತ್ರ ಬರೀಬೇಕು. ಕಬ್ಬಿಣದ ನಳಿಗೆಯಿಂದ ಹಾರಿದ ಉಂಡೆ ಪಲ್ಟಿ ಹೊಡೀತಾ ಹೋಗುತ್ತೆ. ಮೇಲೆ ಒಡೆಯುವಾಗ ತಟ್ಟೆ ಯಾವ ಕಡೆ ತಿರುಗಿರುತ್ತೋ, ಆ ದೇವರಿಗೇ ಗೊತ್ತು."

"ಇದನ್ನು ಪ್ರಭುಗಳಿಗೆ ಹೇಳಬೇಕಿತ್ತು."

"ಹೇಳೋಣ ಅಂದರೆ ಅವರು ನನ್ನ ಮಾತು ಕೇಳುತ್ತಿರಲಿಲ್ಲ, ಹೆಬ್ಬೆರಳು ನೋಡುತ್ತಿದ್ದರು."

ಮುದ್ದಯ್ಯ ಸ್ವಲ್ಪ ಹೊತ್ತು ತಟ್ಟೆಯನ್ನು ತಿರುಗಿಸುತ್ತ ಕುಳಿತ. ಅದನ್ನು ಹೇಗೆ ಹಿಡಿದರೂ, ಸುತ್ತ ನಿಂತು ನೋಡುವವರಿಗೆಲ್ಲ ಒಂದೇ ರೀತಿ ಕಾಣುವಂತಿರಲಿಲ್ಲ. ಅಷ್ಟು ಖಚಿತವಾದ ಮೇಲೆ ಎದ್ದು ನಡೆದ.

ಮರುದಿನ ಸಭೆಯಲ್ಲಿ ಅವನು ವಿನಯದಿಂದ ಅರಿಕೆ ಮಾಡಿಕೊಂಡ. "ಮೊದಲ ಉಂಡೆಯಲ್ಲೇ ಪ್ರಭುಗಳ ಮುಖ ಇಡುವುದು ತರವಲ್ಲ. ಮೂಗು ಸೊಟ್ಟಗಾದರೆ ಹೊಣೆ ಯಾರು? ಮೊದಲು ವೆಂಕಪ್ಪಯ್ಯನವರ ಮುಖವನ್ನು ಹಾರಿಸಿ ನೋಡೋಣ. ಅದು ಏನಾದರೂ ರಾಜ್ಯಕ್ಕೆ ನಷ್ಟವಿಲ್ಲ."

ಅರಸ ಒಪ್ಪಿದ. ವೆಂಕಪ್ಪಯ್ಯನ ಕಿವಿಗೆ ಮುಖ ಹಾರಿಸುವ ಮಾತಷ್ಟೇ ಬಿತ್ತು. ಎರಡು ದಿನ ಅವನು ಜರಿಯ ರುಮಾಲು ಸುತ್ತಿಕೊಂಡು ಪೀರಸಾಬನ ಎದುರು ಕುಳಿತ. "ಕಿವಿ ಸ್ವಲ್ಪ ಚಿಕ್ಕದಿರಲಿ," ಎಂದು ಸೂಚನೆಯನ್ನೂ ಕೊಟ್ಟ.

ಪರೀಕ್ಷೆಯ ದಿನ ಕತ್ತಲಾಗುತ್ತಿದ್ದಂತೆ ಅರಸ ಉಪ್ಪರಿಗೆ ಹತ್ತಿದ. ವೆಂಕಪ್ಪಯ್ಯ, ಮುದ್ದಯ್ಯ ಪಕ್ಕದಲ್ಲಿ ನಿಂತರು. ಮುದ್ದಯ್ಯನ ಕೋರಿಕೆಯಂತೆ ಕೆರೆಯ ಏರಿಯ ಮೇಲೊಬ್ಬ, ಪೇಟೆಯ ಬಾಗಿಲಲ್ಲೊಬ್ಬ ಸವಾರ ಕಾದಿದ್ದರು. ಬಯಲಿನಲ್ಲಿ ಮರಳಿನಲ್ಲಿ ಹೂತಿದ್ದ ನಳಿಗೆ ಗುಡುಗಿತು. ಉಂಡೆ ಮೇಲೇರಿತು, ಒಡೆಯಿತು.

ಉಪ್ಪರಿಗೆಗೆ ಕಂಡದ್ದು ಒಂದು ಉರಿಯುವ ಗೆರೆ ಮಾತ್ರ.

"ಏನಿದು? ಬಾರುಕೋಲಿನಂತಿದೆ," ಎಂದ ಅರಸ.

"ನಾನು... ಪಕ್ಕಕ್ಕೆ ತಿರುಗಿರಬೇಕು, ಪ್ರಭು," ಎಂದ ವೆಂಕಪ್ಪಯ್ಯ.

ಅಷ್ಟರಲ್ಲಿ ಏರಿಯ ಸವಾರ ಬಂದ. "ಮುಖ ಕಂಡಿತು ಮಹಾಪ್ರಭು. ತಲೆಕೆಳಗಾಗಿತ್ತು. ಗಡ್ಡ ಮೇಲೆ, ರುಮಾಲು ಕೆಳಗೆ. ಬಟ್ಟೆ ಒಗೆದು ಮರಳುತ್ತಿದ್ದ ಹೆಂಗಸರು ಬಾವಲಿ ಅಂದರು."

ಪೇಟೆಯವನ ವರದಿಯೇ ಬೇರೆ. "ಸೌತೆಕಾಯಿಯಷ್ಟು ಸಪೂರವಾಗಿತ್ತು ಪ್ರಭು. ಅದಕ್ಕೆ ಕಿವಿ ಮಾತ್ರ ಇತ್ತು."

"ಪೀರಸಾಬ ಬೇಕೆಂದೇ ಮಾಡಿದ್ದಾನೆ," ಎಂದು ವೆಂಕಪ್ಪಯ್ಯ ಕುದಿದ.

"ಬೇಕೆಂದರೂ, ಬೇಡವೆಂದರೂ ಹೀಗೆಯೇ ಆಗುವುದು," ಎಂದ ಮುದ್ದಯ್ಯ. "ತಟ್ಟೆಯ ಮೇಲಿನ ಮುಖ ಒಂದು ದಿಕ್ಕಿಗೆ ಸರಿಯಾಗಿ ಕಂಡರೂ ಇನ್ನೊಂದು ದಿಕ್ಕಿಗೆ ಗೆರೆಯಾಗುತ್ತದೆ. ಪ್ರಭುಗಳ ಉಂಡೆಯೂ ಸಿದ್ಧವಾಗಬಹುದು. ತಮ್ಮನ್ನು ಯಾವ ಕೇರಿಯವರು ಬಾರುಕೋಲೆನ್ನಬೇಕು, ಯಾವ ಕೇರಿಯವರು ಬಾವಲಿ ಎನ್ನಬೇಕು ಎಂಬುದು ಉಂಡೆ ಒಡೆದ ಮೇಲೆಯೇ ತಿಳಿಯುವುದು."

ಅರಸ ತನ್ನ ಮೂಗನ್ನೊಮ್ಮೆ ಸವರಿಕೊಂಡ. "ಬೇಡ. ಪೀರಸಾಬ ಹೂವನ್ನೇ ಹಾರಿಸಲಿ. ಅವನ ಹೆಬ್ಬೆರಳು ಅವನಲ್ಲೇ ಇರಲಿ." ಆಮೇಲೆ ಹುಬ್ಬು ಗಂಟಿಕ್ಕಿದ. "ಹಾಗಾದರೆ ತಾತನ ಮುಖ ಮಾತ್ರ ಅಷ್ಟು ಸರಿಯಾಗಿ ಅರಳಿದ್ದು ಹೇಗೆ? ಹೊರಗಿದ್ದ ಶತ್ರುಗಳಿಗೂ ಕಂಡಿತು, ಒಳಗಿದ್ದ ನಮ್ಮವರಿಗೂ ಕಂಡಿತು."

"ಆ ಬಾಣ ಹಾರಿದ್ದು ಕಬ್ಬಿಣದ ನಳಿಗೆಯಿಂದಲ್ಲ, ಪ್ರಭು. ವೆಂಕಪ್ಪಯ್ಯನವರ ಬಾಯಿಂದ. ಅಲ್ಲಿಂದ ಹಾರಿದ್ದೆಲ್ಲ ಯಾವಾಗಲೂ ಪ್ರಭುಗಳು ಕುಳಿತ ಕಡೆಗೇ ಮುಖಮಾಡಿ ಅರಳುತ್ತದೆ."

ಬೊಮ್ಮನಾಯಕ ಉಪ್ಪರಿಗೆಯ ಅಂಚಿನ ಕಟಾಂಜನ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ಉತ್ಸವದ ಸಂಜೆ ಪೀರಸಾಬನ ಬಾಣ ಎಲ್ಲ ಕೇರಿಗಳಿಗೂ ಒಂದೇ ಹೂವಾಗಿ ಕಂಡಿತು. ಮರುದಿನ ವೆಂಕಪ್ಪಯ್ಯ ವಂಶಾವಳಿಗೆ ಹೊಸದೊಂದು ಪದ್ಯ ಸೇರಿಸಿದ. ಅದರಲ್ಲಿ ಆ ಹೂವಿಗೆ ಅರಸರ ಮೀಸೆಯಿತ್ತು.