ಸೀಳಿದ ಉಂಗುರ

"ಗುರುಗಳೇ, ಬಯಸಿದ್ದು ಕೈಗೆ ಬಂದಾಗ ಬೇಡವೆನ್ನುವವರಿದ್ದಾರೆ. ಅವರಿಗೆ ಬಯಕೆಯೇ ಇಲ್ಲವೆಂದು ತಿಳಿಯಬಹುದೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕೃತಕ ಕಾಲು ಮಾಡುವ ಒಂದು ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಕಾಲಿನ ಕೊಳವೆಯ ತುದಿಯಲ್ಲಿ ಹೆಚ್ಚಾಗಿ ಉಳಿದ ತುಂಡಿನಿಂದ ಒಂದು ಉಂಗುರವನ್ನು ಕತ್ತರಿಸಿ, ಅದನ್ನು ಸೀಳಬೇಕು. ಸೀಳು ಎಷ್ಟು ಬಾಯಿಬಿಡುತ್ತದೆಂದು ಅಳೆಯಬೇಕು. ಅಳತೆ ಮೀರಿದರೆ ಆ ಕಾಲನ್ನು ಯಾರಿಗೂ ಕೊಡಬಾರದು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಎಲ್ಲರೂ ಅದನ್ನು ಮುರಿಯುತ್ತಿದ್ದರು.

ಆ ಕೊಳವೆ ನಾರುಬಟ್ಟೆಯದು. ಪದರದ ಮೇಲೆ ಪದರ ಸುತ್ತಿ, ಅಂಟು ಕುಡಿಸಿ, ಬಿಸಿಯಲ್ಲಿ ಗಟ್ಟಿ ಮಾಡುತ್ತಾರೆ. ತಣ್ಣಗಾಗುವಾಗ ಒಂದೊಂದು ಪದರವೂ ಒಂದೊಂದು ಕಡೆಗೆ ಎಳೆಯುತ್ತದೆ, ಅಂಟು ಬಿಡುವುದಿಲ್ಲ. ಎಳೆತ ಒಳಗೇ ಉಳಿಯುತ್ತದೆ; ಅದು ಹೆಚ್ಚಾದರೆ ಕಾಲು ಒಂದು ದಿನ ಇದ್ದಕ್ಕಿದ್ದಂತೆ ಮುರಿಯಬಹುದು. ಮುಟ್ಟಿದರೆ ನುಣುಪು. ಸೀಳದೆ ಏನೂ ತಿಳಿಯದು. ಆದರೆ ಕಾದು ಕಾದು ಬಂದವರ ಮುಖ ನೋಡಿ ಕೆಲಸಗಾರರು ಸೀಳುವುದನ್ನು ಬಿಟ್ಟಿದ್ದರು. ಬಂದವರೂ ನೆನಪಿಸುತ್ತಿರಲಿಲ್ಲ.

ಒಮ್ಮೆ ಒಬ್ಬಳು ಬಸ್ ಕಂಡಕ್ಟರ್ ಬಂದಳು. ಅಪಘಾತದಲ್ಲಿ ಕಾಲು ಹೋದ ಮೇಲೆ ಅವಳನ್ನು ಡಿಪೋದ ಕಚೇರಿಯಲ್ಲಿ ಕೂರಿಸಿದ್ದರು. ಬಸ್ಸುಗಳು ಹೊರಡುವ ಸದ್ದು ಕೇಳುತ್ತ ದಿನ ಕಳೆಯುತ್ತಿದ್ದಳು. ಆ ವಾರದೊಳಗೆ ನಡೆದು ತೋರಿಸಿದರೆ ಮತ್ತೆ ಬಸ್ಸು; ಇಲ್ಲವಾದರೆ ಕುರ್ಚಿಯೇ ಖಾಯಂ.

ಕಾಲು ಸರಿಯಾಗಿ ಕೂತಿತು. ಆಕೆ ನಡೆದಳು. ನಡೆಯುತ್ತ ಗೋಡೆಯ ಬಳಿ ನಿಂತು, ಓದಿ, ಉಂಗುರ ಸೀಳಿದ್ದೀರಾ ಎಂದು ಕೇಳಿದಳು.

ಮೇಸ್ತ್ರಿ ನಕ್ಕ. "ಅಕ್ಕಾ, ಅದನ್ನ ಕೇಳಿದೋರು ನೀವೊಬ್ರೇ. ಇಷ್ಟು ಚೆನ್ನಾಗಿ ಕೂತಿದೆ, ಸುಮ್ನೆ ಹಾಕ್ಕೊಂಡು ಹೊರಡಿ."

"ಅರ್ಜೆಂಟಿದೆ ಅಂದೋರನ್ನೂ ಟಿಕೆಟಿಲ್ಲದೆ ಬಿಟ್ಟೋಳಲ್ಲ ನಾನು. ಸೀಳಪ್ಪ."

ಸೀಳಿದ. ಉಂಗುರ ಅಳತೆ ಮೀರಿ ಬಾಯಿಬಿಟ್ಟಿತು.

ಇವತ್ತೇನೂ ಮುರಿಯುವುದಿಲ್ಲ, ಎಷ್ಟೋ ಜನ ಹೀಗೆಯೇ ನಡೆಯುತ್ತಿದ್ದಾರೆ ಎಂದು ಮೇಸ್ತ್ರಿ ಸಮಾಧಾನ ಹೇಳಿದ. ಬೇರೆ ಕಾಲು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕೆಂದೂ ಹೇಳಿದ. ತುಂಬಿದ ಬಸ್ಸಿನಲ್ಲಿ ಮುರಿದರೆ ಬೀಳುವವಳು ತಾನೊಬ್ಬಳೇ ಅಲ್ಲ ಎಂದಳು ಆಕೆ. ಕಾಲನ್ನು ಹಿಂದಿರುಗಿಸಿ, ಊರುಗೋಲು ಹಿಡಿದು ಹೊರಟುಹೋದಳು.

ಶಿಷ್ಯ ಹೇಳಿದ: "ಹಾಗಾದರೆ ಆಕೆಗೆ ಅಷ್ಟೇನೂ ಆಸೆ ಇರಲಿಲ್ಲ."

ಗುರುಗಳು ಹೇಳಿದರು: "ಹಿಂದಿರುಗಿಸುವ ಮೊದಲು ಆಕೆ ಚೀಲದಿಂದ ಹೊಸ ಚಪ್ಪಲಿ ತೆಗೆದು, ಆ ಕಾಲಿಗೆ ತೊಡಿಸಿ, ಸ್ವಲ್ಪ ಹೊತ್ತು ನೋಡಿ, ಬಿಚ್ಚಿ ಮತ್ತೆ ಚೀಲದಲ್ಲಿಟ್ಟುಕೊಂಡಳು."