ಉಣ್ಣುವ ವ್ರತ

ಕೆಂಚನಹಾಳದ ಪೂಜ್ಯ ಅಡವಯ್ಯಜ್ಜನವರು ವಾಸವಾಗಿದ್ದುದು ನೇಕಾರರ ಓಣಿಯ ತುದಿಯಲ್ಲಿ, ಎರಡೇ ಕೋಣೆಗಳ ಕಲ್ಲಿನ ಮಠದಲ್ಲಿ. ಒಂದು ಕೋಣೆಯಲ್ಲಿ ಗದ್ದುಗೆ, ಇನ್ನೊಂದರಲ್ಲಿ ಒಲೆ. ನಲವತ್ತು ವರ್ಷಗಳ ಕಾಲ ಶ್ರೀಗಳು ದಿನಕ್ಕೆ ಒಂದೇ ಹೊತ್ತು, ಒಂದೇ ಬಟ್ಟಲು ಪ್ರಸಾದ ಸ್ವೀಕರಿಸಿ ಬಾಳಿದರು. ಆ ವ್ರತದ ಕೀರ್ತಿ ಸುತ್ತಲಿನ ಊರುಗಳಿಗೆಲ್ಲ ಹಬ್ಬಿತ್ತು. ಭಕ್ತರು ದೂರದಿಂದ ಬಂದು ಆ ಬರಿಯ ಬಟ್ಟಲಿಗೂ ಕೈಮುಗಿದು ಹೋಗುತ್ತಿದ್ದರು.

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರ ಜಠರದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. "ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ, ಮೆತ್ತಗಿನದು ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಚಿಕಿತ್ಸೆಯನ್ನು ಮೈ ತಡೆಯುವುದಿಲ್ಲ" ಎಂದು ವೈದ್ಯರು ಹೇಳಿದರು. ಶ್ರೀಗಳು ಅಂದೇ ಸಂಜೆ ವ್ರತ ಬಿಟ್ಟರು. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುತ್ತಾ ಕುಳಿತ ಸ್ವಾಮಿಗಳನ್ನು ಕಂಡು ಹಲವರ ಮುಖ ಸಣ್ಣದಾಯಿತು. ಕೆಲವರು ಬರುವುದನ್ನೇ ನಿಲ್ಲಿಸಿದರು. "ಸಾಯೂ ಕಾಲಕ್ಕ ಅಜ್ಜಾರಿಗೆ ಜೀವದ ಆಸೆ ಹುಟ್ಟೇತಿ" ಎಂದು ಮಠದ ಕಟ್ಟೆಯ ಮೇಲೆಯೇ ಒಬ್ಬರು ಅಂದರು. ಶ್ರೀಗಳಿಗೆ ಅದು ಕೇಳಿಸಿತ್ತು.

ಆ ದಿನಗಳಲ್ಲೇ ಸಾವಂತ್ರೆವ್ವ ಮಠಕ್ಕೆ ಬಂದದ್ದು. ಮುಂದಿನದೆಲ್ಲ ಅವರೇ ನನ್ನೆದುರು ಕುಳಿತು ಹೇಳಿದ್ದು.

ಸಾವಂತ್ರೆವ್ವ ಅದೇ ಓಣಿಯ ನೇಕಾರ ವಿರುಪಣ್ಣನವರ ಮಡದಿ. ಕ್ಯಾನ್ಸರಿಗೆ ಒಂದು ಮೊಲೆ ತೆಗೆಸಿಕೊಂಡಿದ್ದರು. ಕೀಮೋ ಮೂರು ಸಲ ಆಗಿತ್ತು. ಬಾಯ ತುಂಬ ಹುಣ್ಣು. ಏನನ್ನು ನಾಲಗೆಯ ಮೇಲಿಟ್ಟರೂ ತುಕ್ಕು ಹಿಡಿದ ಬೀಗ ನೆಕ್ಕಿದಂತೆ. ವಿರುಪಣ್ಣನವರು ಮಗ್ಗ ಬಿಟ್ಟೆದ್ದು, ಎಂದೂ ಒಲೆ ಮುಟ್ಟದವರು, ಹೆಂಡತಿಗೆ ಹಿಂದೆ ಇಷ್ಟವಾಗಿದ್ದ ಬದನೆಕಾಯಿ ಪಲ್ಯ ಮಾಡುತ್ತಿದ್ದರು. ಒಗ್ಗರಣೆಯ ವಾಸನೆಗೇ ಆಕೆ ಹಿತ್ತಲಿಗೆ ಓಡುತ್ತಿದ್ದರು. ತಿರುಗಿ ಬಂದರೆ ಗಂಡ ತಟ್ಟೆ ಹಿಡಿದುಕೊಂಡೇ ನಿಂತಿರುತ್ತಿದ್ದರು. ಆ ಮುಖವನ್ನು ನೋಡುವುದು ರೋಗಕ್ಕಿಂತ ಕಷ್ಟವಾಗಿತ್ತು ಎಂದರು ಸಾವಂತ್ರೆವ್ವ.

ನಾಲ್ಕನೆಯ ಕೀಮೋಗೆಂದು ಹೋದಾಗ ಆಸ್ಪತ್ರೆಯವರು ತೂಕ ನೋಡಿ ಹಿಂದಕ್ಕೆ ಕಳಿಸಿದರು. ಮೂವತ್ತಾರು ಕಿಲೋ. ಮೈಯಲ್ಲಿ ಏನೂ ಇಲ್ಲ, ಔಷಧ ಎಲ್ಲಿಗೆ ಹಾಕೋಣ ಎಂದರು. ಅದರ ಮೇಲೆ ಸಂತೆಯಲ್ಲಿ ಯಾರೋ, "ಉಂಡಷ್ಟೂ ಗಡ್ಡಿ ಬೆಳಿತೈತಿ, ಹೊಟ್ಟಿ ಖಾಲಿ ಬಿಟ್ರ ತಾನ ಸಾಯ್ತೈತಿ" ಎಂದು ಹೇಳಿದ್ದರು. ಸಾವಂತ್ರೆವ್ವ ಅದನ್ನು ನಂಬಿದರೋ, ನಂಬಬೇಕೆನಿಸಿತೋ. ಅನ್ನ ಬಿಟ್ಟುಬಿಡುವುದೆಂದು ನಿಶ್ಚಯಿಸಿದರು. ಗುರುವಿನ ಅಪ್ಪಣೆಯಿದ್ದರೆ ಅದು ಆತ್ಮಹತ್ಯೆಯ ಪಾಪವಾಗದೆ ವ್ರತವಾದೀತೆಂಬುದು ಅವರ ಎಣಿಕೆ. ನಲವತ್ತು ವರ್ಷ ಹಸಿವು ಗೆದ್ದವರಲ್ಲದೆ ಅಂಥ ಅಪ್ಪಣೆ ಇನ್ನಾರು ಕೊಡಬೇಕು?

ಮುಂಜಾನೆಯ ಹೊತ್ತು. ಶ್ರೀಗಳು ಒಲೆಯ ಕೋಣೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಮಠದ ಅಡುಗೆಯ ಕಲ್ಲವ್ವ ನವಣೆಯನ್ನೂ ಹೆಸರುಬೇಳೆಯನ್ನೂ ಕರಗುವಂತೆ ಬೇಯಿಸಿ, ಹುರಿದ ಶೇಂಗಾವನ್ನು ನುಣ್ಣಗೆ ಅರೆದು ಬೆರೆಸಿ, ತುಪ್ಪ ಬಿಟ್ಟು, ಬಿಸಿಯ ವಾಸನೆ ಹೋಗಲೆಂದು ಆರಿಸಿಟ್ಟಿದ್ದರು. ಕಬ್ಬಿಣದ ರುಚಿ ಬಾರದಿರಲೆಂದು ಕಟ್ಟಿಗೆಯ ಚಮಚ.

ಸಾವಂತ್ರೆವ್ವ ಅಡ್ಡಬಿದ್ದು, "ಅಜ್ಜಾರ, ಅನ್ನ ಬಿಡಾಕ ಅಪ್ಪಣಿ ಕೊಡ್ರಿ" ಎಂದರು.

ಶ್ರೀಗಳು ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡರು. "ಕುಂದರವ್ವಾ. ನನ್ನದು ಮುಗೀಲಿ" ಎಂದರು.

ಮೊದಲ ಚಮಚ ಇಳಿಯಿತು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಮೈಯೆಲ್ಲ ನಡುಗಿ, ಉಂಡದ್ದೆಲ್ಲ ಹೊರಬಂತು. ಕಲ್ಲವ್ವ ಬೋಗುಣಿ ಹಿಡಿದರು. ಶ್ರೀಗಳ ಹಣೆಯ ವಿಭೂತಿ ಬೆವರಿನಲ್ಲಿ ಹರಿದು ಹುಬ್ಬಿಗಿಳಿಯಿತು. ಬಾಯಿ ಮುಕ್ಕಳಿಸಿ, ಗೋಡೆಗೊರಗಿ ಕಣ್ಣು ಮುಚ್ಚಿದರು. ಊಟ ಮುಗಿಯಿತೆಂದುಕೊಂಡರು ಸಾವಂತ್ರೆವ್ವ. ಆದರೆ ಶ್ರೀಗಳು ಕೈ ಚಾಚಿ ಮತ್ತೆ ಬಟ್ಟಲನ್ನೆಳೆದುಕೊಂಡು ಮೊದಲಿನಿಂದ ಸುರುಮಾಡಿದರು.

ಸಾವಂತ್ರೆವ್ವ ಅಳತೊಡಗಿದರು. "ಯಾಕ್ರೀ ಅಜ್ಜಾರ ಇಷ್ಟು ತ್ರಾಸ? ಬಿಟ್ಟುಬಿಡ್ರಿ. ಬಿಡೂದು ನಿಮಗೇನು ಹೊಸದಾ?"

ಶ್ರೀಗಳು ಚಮಚ ಕೆಳಗಿಟ್ಟು ಹೇಳಿದರು: "ನಲವತ್ತು ವರ್ಷ ಬಿಟ್ಟೆ, ಜನ ಕಾಲಿಗೆ ಬಿದ್ರು. ಅದು ಸಲೀಸಿತ್ತವ್ವಾ. ಉಣ್ಣೂದು ಈಗ ಕಲಿಯಾಕತ್ತೀನಿ."

ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ, "ಇದರಿಂದ ಬ್ಯಾನಿ ಹೋಗ್ತೈತಿ ಅಂತ ನಾ ಹೇಳೂದಿಲ್ಲ. ಔಷಧ ಆಸ್ಪತ್ರ್ಯಾಗೈತಿ. ಅದನ್ನ ತಡಕೊಳ್ಳಾಕ ಮೈಯಾಗ ಏನಾರ ಇರಬೇಕಲ್ಲ? ರುಚಿ ಕೇಳಬ್ಯಾಡ, ಗುಳಿಗಿ ಹಂಗ ನುಂಗು. ನಾಕು ಚಮಚ" ಎಂದರು. ಕಲ್ಲವ್ವ ಇನ್ನೊಂದು ಬಟ್ಟಲು ತಂದಿಟ್ಟರು.

ಅಂದು ಸಾವಂತ್ರೆವ್ವನವರ ಹೊಟ್ಟೆಯಲ್ಲಿ ನಿಂತದ್ದು ಒಂದೇ ಚಮಚ. ಮರುದಿನವೂ ಬಂದರು. ಅದರ ಮರುದಿನವೂ. ಇಬ್ಬರೂ ಎದುರುಬದುರು ಕುಳಿತು ಉಣ್ಣುತ್ತಿದ್ದರು. ಒಬ್ಬರಿಗೆ ವಾಂತಿಯಾದರೆ ಇನ್ನೊಬ್ಬರು ಕಾಯುತ್ತಿದ್ದರು. ಬಾಯಿಹುಣ್ಣು ಹೆಚ್ಚಾದ ದಿನ ಹುಳಿಯಿಲ್ಲದ ಮೊಸರಿನಲ್ಲಿ ಕಿವುಚಿದ ಅನ್ನ, ಇಲ್ಲವೇ ಹಾಲಿನಲ್ಲಿ ಕದಡಿದ ಬಾಳೆಹಣ್ಣು. ವಿರುಪಣ್ಣನವರು ಕಲ್ಲವ್ವನವರಿಂದ ಎಲ್ಲವನ್ನೂ ಕಲಿತುಕೊಂಡು, ಮನೆಯಲ್ಲಿ ಒಗ್ಗರಣೆ ಹಾಕುವುದನ್ನೇ ಬಿಟ್ಟರು. ತಟ್ಟೆ ಹಿಡಿದು ನಿಲ್ಲುವುದನ್ನೂ ಬಿಟ್ಟು, ತಾವೂ ಅದನ್ನೇ ಬಡಿಸಿಕೊಂಡು ಪಕ್ಕದಲ್ಲಿ ಕೂರತೊಡಗಿದರು. ಒಂದು ತಿಂಗಳಿಗೆ ಆಕೆಯ ತೂಕ ಮೂವತ್ತೊಂಬತ್ತಕ್ಕೇರಿತು. ನಾಲ್ಕನೆಯ ಕೀಮೋ ಆಯಿತು.

ಶ್ರೀಗಳ ದೇಹ ಮಾತ್ರ ಕರಗುತ್ತಲೇ ಹೋಯಿತು. ಬಟ್ಟಲು ಅರ್ಧವಾಯಿತು, ಆಮೇಲೆ ಎರಡು ಚಮಚ. ಕೊನೆಯ ವಾರ ನೀರೂ ಇಳಿಯಲಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಸಾವಂತ್ರೆವ್ವನವರನ್ನು ಎದುರಿಗೆ ಕೂರಿಸಿಕೊಂಡು, ಅವರು ಉಣ್ಣುವುದನ್ನು ಮಲಗಿದಲ್ಲಿಂದಲೇ ನೋಡುತ್ತಿದ್ದರು. ಒಮ್ಮೆ ಅವರು ಅರ್ಧಕ್ಕೆ ನಿಲ್ಲಿಸಿದಾಗ ಶ್ರೀಗಳ ಬೆರಳು ಮೆಲ್ಲನೆ ಬಟ್ಟಲಿನ ಕಡೆ ತಿರುಗಿತಂತೆ.

ಶ್ರಾವಣದ ಒಂದು ಮುಂಜಾವು ಶ್ರೀಗಳು ಲಿಂಗೈಕ್ಯರಾದರು.

ಬರುವುದನ್ನು ಬಿಟ್ಟಿದ್ದವರೂ ಬಂದರು. ಅಂಗಳ ತುಂಬಿತು, ಭಜನೆ ಎದ್ದಿತು. ಸಮಾಧಿಯಾಗುವವರೆಗೆ ಒಲೆ ಹೊತ್ತಿಸಕೂಡದೆಂದು ಹಿರಿಯರು ಅಪ್ಪಣೆ ಮಾಡಿದರು. ಊರಿಗೆ ಊರೇ ಉಪವಾಸ. ಸಾವಂತ್ರೆವ್ವ ಕಂಬಕ್ಕೊರಗಿ ಕುಳಿತಿದ್ದರು. ಎದೆಯಲ್ಲಿ ಏನೂ ಉಳಿದಿರಲಿಲ್ಲ ಎಂದರು ನನಗೆ. ಗುರುವನ್ನೇ ಉಳಿಸದ ಅನ್ನ ತನ್ನನ್ನು ಉಳಿಸೀತೆ? ಈಗ ಬಿಟ್ಟರೆ ಬೈಯುವವರು ಯಾರೂ ಇಲ್ಲ. ಬದಲಿಗೆ ಭಕ್ತಿಯೆಂದಾರು. ಐದನೆಯ ಕೀಮೋಗೆ ಎರಡೇ ದಿನವಿತ್ತು.

ಹೊತ್ತು ನೆತ್ತಿಗೆ ಬಂದಾಗ ಅವರು ಎದ್ದರು. ಜನರ ನಡುವೆ ದಾರಿ ಮಾಡಿಕೊಂಡು ಒಲೆಯ ಕೋಣೆಗೆ ಹೋಗಿ, ನವಣೆ ತೊಳೆದು, ಬೆಂಕಿ ಹೊತ್ತಿಸಿದರು. ಹೊಗೆ ಅಂಗಳಕ್ಕೆ ಬಂದೊಡನೆ ಭಜನೆ ತಡವರಿಸಿತು.

"ಏ ಸಾವಂತ್ರಿ!" ಹಿರಿಯರೊಬ್ಬರು ಬಾಗಿಲಿಗೆ ಬಂದು ಗದರಿದರು. "ಅಜ್ಜಾರನ್ನ ಇನ್ನಾ ಎತ್ತಿಲ್ಲ, ಒಲಿ ಹಚ್ಚೀಯೇನ? ಒಂದು ಹೊತ್ತು ತಡಿಯಾಕಾಗೂದಿಲ್ಲಾ?"

"ಆಗೂದಿಲ್ರೀ ಯಪ್ಪಾ" ಎಂದರು ಸಾವಂತ್ರೆವ್ವ. "ನನಗ ತಡಿಯಾಕ ಬರ್ತೈತಿ. ಉಣ್ಣಾಕ ಬರೂದಿಲ್ಲ. ಅದಕ್ಕ ಉಣ್ಣಬೇಕು."

ಕಲ್ಲವ್ವ ಹಿರಿಯರನ್ನು ಸರಿಸಿ ಒಳಗೆ ಬಂದು, ಶೇಂಗಾ ಅರೆಯಲು ಕುಳಿತರು.

ಸಾವಂತ್ರೆವ್ವ ಗೋಡೆಗೆ ಮುಖ ಮಾಡಿ ಉಂಡರು. ಕಣ್ಣೀರು ಬಟ್ಟಲಿಗೆ ಬೀಳುತ್ತಿತ್ತು. ಒಮ್ಮೆ ಹೊರಬಂತು. ಬಾಯಿ ಮುಕ್ಕಳಿಸಿ ಮತ್ತೆ ಉಂಡರು. ಹೊರಗೆ ಶ್ರೀಗಳನ್ನು ಕೂರಿಸಿದ ವಿಮಾನ ಎತ್ತಿದ ಜಯಘೋಷ ಕೇಳಿದರೂ ಏಳಲಿಲ್ಲ. ಕೊನೆಯ ಚಮಚ ಇಳಿದ ಮೇಲೆ ಬಟ್ಟಲು ತೊಳೆದು, ಬೋರಲು ಹಾಕಿ, ಸೆರಗಿನಿಂದ ಬಾಯೊರೆಸಿಕೊಂಡು, ಆಗಲೇ ಓಣಿ ತಿರುಗಿದ್ದ ಮೆರವಣಿಗೆಯ ಹಿಂದೆ ತಮ್ಮ ಕಾಲ ಮೇಲೆ ತಾವೇ ನಡೆದು ಹೋದರು.